ಬೇಲಿಯ ದಾಸವಾಳಕ್ಕೆ ಹೆಸರಿಡುವವರು ಯಾರು?

ಕಾಫಿಯ ದರ, ಅಡಕೆಯ ಧಾರಣೆ, ಗೊಬ್ಬರದ ಸರಬರಾಜು, ಇಷ್ಟನ್ನೇ ಈ ಪತ್ರಿಕೆಯಲ್ಲಿ ಓದಿ ಅಭ್ಯಾಸವಾದ ಸದಸ್ಯ ಬಾಂಧವರಿಗೆ ದಾಸವಾಳದ ವಿಷಯ ಕಂಡು ಆಶ್ಚರ್ಯವಾಗಬಹುದು. ಕಾರ್ಯದರ್ಶಿಗಳಿಗೆ ಕೆಲಸ ಕಡಿಮೆಯಾಗಿದೆಯೆಂದು ಯಾರಾದರೂ ನಕ್ಕರೆ ಬೇಸರವಿಲ್ಲ. ಆದರೆ ವಿಷಯ ಬರೀ ಹೂವಿನದಲ್ಲ. ನಮ್ಮ ಅಂಗಳದಲ್ಲಿ, ನಮ್ಮ ಕೈಯಿಂದಲೇ ಹುಟ್ಟಿದ ಒಂದು ಹೊಸ ಗಿಡ ಯಾರದು ಎಂಬ ಪ್ರಶ್ನೆ ಇದರಲ್ಲಿದೆ. ಇಂದು ದಾಸವಾಳದ ಬಗ್ಗೆ ಎದ್ದ ಈ ಪ್ರಶ್ನೆ ನಾಳೆ ಮೆಣಸಿನ ಬಳ್ಳಿಯ ಬಗ್ಗೆಯೂ ಏಳಬಹುದು.

ನಡೆದ ಸಂಗತಿ ಇಷ್ಟು. ನಮ್ಮ ಸದಸ್ಯರೊಬ್ಬರ ಮನೆ ಲಿಂಗದಹಳ್ಳಿಯಿಂದ ಗುಡ್ಡದ ಕಡೆಗೆ ಏರುವ ರಸ್ತೆಯ ಮಗ್ಗುಲಲ್ಲಿದೆ. ಆ ಮನೆಯ ಗೃಹಿಣಿಗೆ ಹೂವಿನ ಹುಚ್ಚು. ಪೇಟೆಯಿಂದ ತಂದ ಹಳದಿ ದಾಸವಾಳದ ಹೂವಿಗೆ ಬೇಲಿಯ ಕೆಂಪು ದಾಸವಾಳದ ಪರಾಗ ಮುಟ್ಟಿಸಿ, ಕಾಯಿ ಕಟ್ಟಿಸಿ, ಬೀಜದಿಂದ ಸಸಿ ಎಬ್ಬಿಸಿದರು. ಹತ್ತಾರು ಸಸಿಗಳಲ್ಲಿ ಹೆಚ್ಚಿನವು ಸಾಧಾರಣ. ಒಂದು ಗಿಡ ಮಾತ್ರ ಸುಟ್ಟ ಇಟ್ಟಿಗೆಯ ಬಣ್ಣದ, ನಡುವೆ ಕುಂಕುಮದ ಬೊಟ್ಟಿನಂತಹ ಗುರುತಿದ್ದ, ಮರುದಿನ ಮಧ್ಯಾಹ್ನದವರೆಗೂ ಬಾಡದೆ ನಿಲ್ಲುವ ಹೂ ಬಿಟ್ಟಿತು. ಕೆಮ್ಮಣ್ಣುಗುಂಡಿಗೆ ಹೊರಟಿದ್ದ ಪೇಟೆಯ ನರ್ಸರಿಯವರೊಬ್ಬರು ಕಾರು ನಿಲ್ಲಿಸಿ, ಗಿಡವನ್ನು ಹೊಗಳಿ, ಒಂದು ತೋಳುತುಂಬ ಕಡ್ಡಿ ಕೇಳಿದರು. ಕೇಳಿದವರಿಗೆ ಹೂವಿನ ಕಡ್ಡಿ ಇಲ್ಲವೆನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ಎರಡು ವರ್ಷದ ನಂತರ ಅದೇ ಹೂ ಕುಂಡದಲ್ಲಿ ಕುಳಿತು, ವಿದೇಶೀ ಹೆಸರೊಂದನ್ನು ಹೊತ್ತು, ಒಳ್ಳೆಯ ಬೆಲೆಗೆ ಮಾರಾಟವಾಗುತ್ತಿತ್ತು. ಮನೆಯವರು ದುಡ್ಡಿಗಾಗಿ ಕೊರಗಲಿಲ್ಲ. "ಹೆಸರನ್ನಾದರೂ ನಮ್ಮನ್ನು ಕೇಳಿ ಇಡಬಹುದಿತ್ತು" ಎಂದಷ್ಟೇ ಆ ತಾಯಿ ಹೇಳಿದರು. ಆ ಮಾತೇ ಈ ಲೇಖನಕ್ಕೆ ಕಾರಣ.

ಹೊಸ ತಳಿ ಸೃಷ್ಟಿಸುವುದು ವಿಜ್ಞಾನಿಗಳ ಕೆಲಸ, ನಮ್ಮಂಥವರಿಗೆ ಅದು ಎಟುಕದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಪೂರ್ತಿ ಸರಿಯಲ್ಲ. ನಮ್ಮ ತೋಟದ ಚರಿತ್ರೆಯೇ ಬೇರೆ ಮಾತು ಹೇಳುತ್ತದೆ. 1911ರಲ್ಲಿ ಎಲ್. ಪಿ. ಕೆಂಟ್ ಎಂಬ ಕಾಫಿ ಬೆಳೆಗಾರರು ಮೈಸೂರು ಸಂಸ್ಥಾನದ ದೊಡ್ಡೆಂಗುಡ್ಡ ತೋಟದಲ್ಲಿ ಎಲೆ ತುಕ್ಕಿಗೆ ಜಗ್ಗದೆ ನಿಂತ ಗಿಡವನ್ನು ಗುರುತಿಸಿ ಅದರ ಬೀಜ ಕಾಯ್ದಿಟ್ಟರು. ಅದೇ ಕೆಂಟ್ಸ್ ಕಾಫಿ. ಅವರು ಗಿಡವನ್ನು ಸೃಷ್ಟಿಸಲಿಲ್ಲ. ಸಾವಿರ ಗಿಡಗಳ ನಡುವೆ ಅದನ್ನು ಕಂಡರು, ಅಷ್ಟೆ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಪ್ರಾರಂಭವಾಯಿತು. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ನಮ್ಮ ಹಿರಿಯರಿಗೆ ಕಲಿಸಿದ ಡಾ. ಲೆಸ್ಲಿ ಕೋಲ್ಮನ್ನರೇ ಅದರ ಸ್ಥಾಪನೆಗೆ ಕಾರಣರು. ಅಲ್ಲಿ ಎಸ್. 288 ಎಂಬ ಆಯ್ಕೆಗೆ ಈ ಕೆಂಟ್ಸನ್ನು ಕೂಡಿಸಿ ಪಡೆದದ್ದೇ ನಮ್ಮ ಎಸ್. 795. ಇಂದಿಗೂ ಎಷ್ಟೋ ಸದಸ್ಯರ ಅರೇಬಿಕಾ ತೋಟವೆಂದರೆ ಅದೇ. ಅಂದರೆ ನಾವು ಕುಡಿಯುವ ಲೋಟ ಕಾಫಿಯಲ್ಲಿ ಅರ್ಧ ಪಾಲು ಒಬ್ಬ ಬೆಳೆಗಾರನ ಕಣ್ಣಿನದು. ಅಡಕೆಯಲ್ಲಿಯೂ ಹಾಗೆಯೇ. ತುಮಕೂರಿನ ಹಿರೇಹಳ್ಳಿಯಲ್ಲಿ ತಾನಾಗಿ ಕಾಣಿಸಿಕೊಂಡ ಕುಳ್ಳು ಗಿಡವನ್ನು ತಾಯಿಯಾಗಿಟ್ಟುಕೊಂಡು, ಸುಮಂಗಳ, ಮೋಹಿತ್‌ನಗರ ತಳಿಗಳೊಡನೆ ಕೂಡಿಸಿ, ವಿಟ್ಲದ ಕೇಂದ್ರದವರು ಗಿಡ್ಡ ಸಂಕರ ಅಡಕೆಯನ್ನು ಕೊಟ್ಟರು. ಮರ ಹತ್ತುವವರು ಸಿಗದ ಈ ಕಾಲದಲ್ಲಿ ಅದರ ಬೆಲೆ ನಮಗೆ ಗೊತ್ತು.

ಹೂವಿನಲ್ಲಿ ಈ ಕೆಲಸ ಇನ್ನೂ ಸುಲಭ. ಕಾರಣ ಹೇಳುತ್ತೇವೆ. ಕಾಫಿಯನ್ನು ಬೀಜದಿಂದ ಬೆಳೆಸುವುದರಿಂದ ಹೊಸ ತಳಿ ಮುಂದಿನ ತಲೆಮಾರುಗಳಲ್ಲಿಯೂ ಒಂದೇ ಗುಣ ತೋರಬೇಕು. ಅದಕ್ಕೆ ಅನೇಕ ಪೀಳಿಗೆಗಳ ಆಯ್ಕೆ, ಹತ್ತಾರು ವರ್ಷಗಳ ತಾಳ್ಮೆ ಬೇಕು. ದಾಸವಾಳ, ಗುಲಾಬಿ, ಬೋಗನ್‌ವಿಲ್ಲಾಗಳನ್ನು ಬೀಜದಿಂದ ಬೆಳೆಸುವವರಿಲ್ಲ. ಕಡ್ಡಿಯಿಂದಲೋ ಕಸಿಯಿಂದಲೋ ಹೆಚ್ಚಿಸುತ್ತಾರೆ. ಕಡ್ಡಿಯಿಂದ ಬಂದ ಗಿಡ ತಾಯಿಯ ಪಡಿಯಚ್ಚು. ಆದ್ದರಿಂದ ಬೀಜದಿಂದ ಹುಟ್ಟಿದ ಒಂದೇ ಒಂದು ಗಿಡ ಚೆನ್ನಾಗಿದ್ದರೆ ಸಾಕು, ಅಲ್ಲಿಗೆ ಒಂದು ತಳಿ ಹುಟ್ಟಿದಂತೆ. ಎರಡನೆಯ ಪೀಳಿಗೆ, ಮೂರನೆಯ ಪೀಳಿಗೆ ಎಂದು ಕಾಯಬೇಕಾಗಿಲ್ಲ.

ಹಾಗಾದರೆ ಬೀಜದ ಸಸಿಗಳು ಒಂದೊಂದೂ ಒಂದೊಂದು ಬಗೆಯಾಗುವುದೇಕೆ? ಇದನ್ನು ರೊಬಸ್ಟಾ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಅರೇಬಿಕಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ, ಮಕ್ಕಳು ಬಹುಮಟ್ಟಿಗೆ ತಾಯಿಯನ್ನೇ ಹೋಲುತ್ತವೆ. ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು. ಆದ್ದರಿಂದ ಬೀಜದಿಂದ ಎಬ್ಬಿಸಿದ ರೊಬಸ್ಟಾ ತೋಟದಲ್ಲಿ ಒಂದು ಗಿಡದ ಎಲೆ ದೊಡ್ಡದು, ಇನ್ನೊಂದರ ಕಾಯಿ ಸಣ್ಣದು, ಮತ್ತೊಂದು ಫಸಲೇ ಕೊಡದೆ ಗೊಬ್ಬರ ತಿನ್ನುವುದು. ದಾಸವಾಳದ ಸ್ವಭಾವವೂ ಇದೇ. ನಾವು ಬೆಳೆಯುವ ದಾಸವಾಳ ಯಾವ ಕಾಡಿನಿಂದಲೂ ನೇರವಾಗಿ ಬಂದುದಲ್ಲ. ಹಲವು ಜಾತಿಗಳು ತೋಟಗಳಲ್ಲಿ ಮತ್ತೆ ಮತ್ತೆ ಬೆರೆತು ಆದ ಗಿಡ. ಕೆಂಪು ಹೂವಿನ ಹೊಟ್ಟೆಯಲ್ಲಿ ಹಳದಿ, ಬಿಳಿ, ಕಿತ್ತಳೆ ಎಲ್ಲವೂ ಅಡಗಿರುತ್ತವೆ. ಬೀಜ ಬಿತ್ತಿದಾಗ ಅವು ಹೊರಬರುತ್ತವೆ.

ಇನ್ನು ಕೆಲಸದ ಕ್ರಮ. ಕೆಲವು ಸದಸ್ಯರು, ಅದರಲ್ಲಿಯೂ ಮನೆಯ ಹೆಣ್ಣುಮಕ್ಕಳು ಇದನ್ನು ವಿವರವಾಗಿ ಬರೆಯಬೇಕೆಂದು ಕೇಳಿರುವುದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇವೆ.

ಕಾಲ ಮುಖ್ಯ. ಮುಂಗಾರಿನಲ್ಲಿ ಪರಾಗ ನೆನೆದು ಕೆಡುತ್ತದೆ. ಬೇಸಿಗೆಯ ಬಿರುಬಿಸಿಲಿನಲ್ಲಿಯೂ ಕಾಯಿ ನಿಲ್ಲುವುದು ಕಷ್ಟ. ನಮ್ಮ ಕಡೆಗೆ ಹಿತವಾದದ್ದು ಮಳೆ ಹಿಂದೆಗೆದ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗಿನ ತಂಪು ಒಣಹವೆ. ಅಡಕೆ ಕೊಯ್ಲು, ಕಾಫಿ ಕೊಯ್ಲು, ಕಣದ ಕೆಲಸ ಎಲ್ಲವೂ ಒಟ್ಟಿಗೆ ಬೀಳುವುದು ಆಗಲೇ ಎಂಬುದು ನಿಜ. ಆದರೆ ಒಂದು ಹೂವಿಗೆ ಬೇಕಾಗುವುದು ಐದು ನಿಮಿಷ. ಆಳುಗಳು ಬರುವ ಮುಂಚೆ ಕಾಫಿ ಕುಡಿಯುತ್ತ ನಿಂತಿರುವ ಹೊತ್ತು ಸಾಕು.

ತಾಯಿಯಾಗಿ ಆರಿಸಿದ ಗಿಡದಲ್ಲಿ ಮರುದಿನ ಅರಳುವ ಮೊಗ್ಗನ್ನು ಹಿಂದಿನ ಸಂಜೆ ಗುರುತಿಸಬೇಕು. ಅದು ಉಬ್ಬಿ ಬಣ್ಣ ತೋರಿಸುತ್ತಿರುತ್ತದೆ. ಚೂಪಾದ ಬ್ಲೇಡಿನಿಂದ ದಳಗಳನ್ನು ಮೆಲ್ಲಗೆ ಕತ್ತರಿಸಿ ತೆಗೆದರೆ ನಡುವೆ ಉದ್ದನೆಯ ಕಂಬ ಕಾಣುತ್ತದೆ. ಕಂಬದ ಮೈಗೆ ಅಂಟಿಕೊಂಡ ಸಣ್ಣ ಸಣ್ಣ ಗುಂಡುಗಳೇ ಕೇಸರಗಳು, ಗಂಡು ಭಾಗ. ತುದಿಯಲ್ಲಿ ಮಖಮಲ್ಲಿನಂತಹ ಐದು ಬೊಟ್ಟುಗಳಿವೆ, ಅವು ಹೆಣ್ಣು ಭಾಗದ ತುದಿ. ಕೇಸರಗಳು ಒಡೆಯುವ ಮೊದಲೇ ಚಿಮಟದಿಂದ ಅವನ್ನೆಲ್ಲ ತೆಗೆದುಬಿಡಬೇಕು. ನಂತರ ಜೇನು, ಇರುವೆ ಮುಟ್ಟದಂತೆ ತೆಳು ಕಾಗದದ ಚೀಲವನ್ನು ಮುಚ್ಚಿ ಕಟ್ಟಬೇಕು. ಬೆಳಿಗ್ಗೆ ಬಿಸಿಲೇರಿ ಇಬ್ಬನಿ ಆರಿದ ಮೇಲೆ, ತಂದೆಯಾಗಿ ಆರಿಸಿದ ಗಿಡದಿಂದ ಆಗತಾನೆ ಅರಳಿ ಪರಾಗ ಚೆಲ್ಲುತ್ತಿರುವ ಹೂ ಕಿತ್ತು ತಂದು, ಅದರ ಪುಡಿಯನ್ನು ಐದೂ ಬೊಟ್ಟುಗಳಿಗೆ ಸವರಿ, ಮತ್ತೆ ಚೀಲ ಕಟ್ಟಬೇಕು. ತೊಟ್ಟಿಗೆ ಒಂದು ದಾರ, ದಾರಕ್ಕೆ ಒಂದು ಚೀಟಿ. ಚೀಟಿಯಲ್ಲಿ ತಾಯಿಯ ಹೆಸರು ಮೊದಲು, ತಂದೆಯ ಹೆಸರು ನಂತರ, ದಿನಾಂಕ. ಈ ಕ್ರಮ ಪ್ರಪಂಚದ ಎಲ್ಲ ಕಡೆಯೂ ಒಂದೇ. ಚೀಟಿಯನ್ನು ಪೆನ್ಸಿಲಿನಿಂದಲೇ ಬರೆಯಿರಿ. ಶಾಯಿ ಇಬ್ಬನಿಗೆ ಕರಗುತ್ತದೆ.

ಮೂರು ನಾಲ್ಕು ದಿನಗಳಲ್ಲಿ ಹೂ ತೊಟ್ಟು ಸಮೇತ ಉದುರಿದರೆ ಕೂಡಿಕೆ ಹಿಡಿಯಲಿಲ್ಲವೆಂದು ಅರ್ಥ. ಹತ್ತು ಹೂವಿಗೆ ಒಂದು ಹಿಡಿದರೂ ಸಂತೋಷ ಪಡಬೇಕು. ನಮ್ಮ ಬೇಲಿಯ ಹಳೆಯ ದಾಸವಾಳಗಳು ತಾಯಿಯಾಗಿ ಬಹಳ ಜಿಪುಣ. ಎಷ್ಟೋ ವರ್ಷಗಳಿಂದ ಹೂ ಬಿಡುತ್ತಿದ್ದರೂ ಅದರಲ್ಲಿ ಕಾಯಿ ಕಂಡವರು ನಮ್ಮಲ್ಲಿ ಎಷ್ಟು ಮಂದಿ ಇದ್ದೀರಿ? ಅವನ್ನು ತಂದೆಯಾಗಿ ಬಳಸಿ, ಪೇಟೆಯ ಸಂಕರ ಗಿಡಗಳನ್ನು ತಾಯಿಯಾಗಿಟ್ಟುಕೊಳ್ಳುವುದು ಮೇಲು. ಸುತ್ತು ಸುತ್ತಾಗಿ ದಳ ತುಂಬಿದ ಮುದ್ದೆ ದಾಸವಾಳಗಳಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುವುದರಿಂದ ಪರಾಗ ಸಿಗುವುದು ಕಡಿಮೆ. ಹಿಡಿದ ಕಾಯಿ ಆರರಿಂದ ಎಂಟು ವಾರಗಳಲ್ಲಿ ಬಲಿತು ಕಂದಾಗುತ್ತದೆ. ಬಿರಿದು ಬೀಜ ಚೆಲ್ಲುವ ಮೊದಲು ಹಳೆಯ ಸೀರೆಯ ತುಂಡು ಕಟ್ಟಿಡಿ. ಕೆಲವು ಕಾಯಿಯಲ್ಲಿ ಎರಡು ಬೀಜ, ಕೆಲವದರಲ್ಲಿ ಇಪ್ಪತ್ತು. ಬೀಜದ ಸಿಪ್ಪೆ ಗಡಸು. ಒಂದು ಬದಿಯನ್ನು ಉಪ್ಪುಕಾಗದದಲ್ಲಿ ಸ್ವಲ್ಪ ಉಜ್ಜಿ, ರಾತ್ರಿ ನೆನೆಸಿ, ಮರಳು ಬೆರೆಸಿದ ಕಾಫಿ ನರ್ಸರಿಯ ಮಣ್ಣಿನಲ್ಲಿಯೇ ಹಾಕಿದರೆ ಒಂದೆರಡು ವಾರಗಳಲ್ಲಿ ಮೊಳೆಯುತ್ತದೆ. ಮಾರ್ಚಿಯಲ್ಲಿ ಬಿತ್ತಿದರೆ ಮುಂಗಾರಿಗೆ ಸಸಿ ನೆಡುವಷ್ಟಾಗಿರುತ್ತದೆ. ಮೊದಲ ಹೂ ಕಾಣಲು ಸಾಮಾನ್ಯವಾಗಿ ಒಂದು ವರ್ಷ, ಕೆಲವಕ್ಕೆ ಒಂದೂವರೆ.

ಇಲ್ಲಿಯವರೆಗೆ ಎಲ್ಲರೂ ಮಾಡಬಹುದು. ಇಲ್ಲಿಂದ ಮುಂದಿನದೇ ತಳಿಗಾರನ ಕೆಲಸ, ಅದೆಂದರೆ ಕಿತ್ತೆಸೆಯುವುದು. ತಾನೇ ಹುಟ್ಟಿಸಿದ ಗಿಡದ ಮೊದಲ ಹೂ ಹೆತ್ತವರಿಗೆ ಹೆಗ್ಗಣದಂತೆ ಮುದ್ದಾಗಿಯೇ ಕಾಣುತ್ತದೆ. ಮೂವತ್ತು ಸಸಿಗಳಿಗೆ ಮೂವತ್ತು ಹೆಸರಿಡಲು ಮನಸ್ಸಾಗುತ್ತದೆ. ಅದಕ್ಕೆ ಮಣಿದರೆ ಕೆಲಸ ಕೆಟ್ಟಂತೆ. ಕೇಳಬೇಕಾದ ಪ್ರಶ್ನೆ ಹೂ ಚಂದವೇ ಎಂಬುದಲ್ಲ. ಈಗಿರುವ ಯಾವ ದಾಸವಾಳದಲ್ಲಿಯೂ ಇಲ್ಲದ ಗುಣ ಇದರಲ್ಲಿ ಏನಿದೆ? ಹೂ ಎಷ್ಟು ಹೊತ್ತು ನಿಲ್ಲುತ್ತದೆ? ತೊಟ್ಟು ಹೂವಿನ ಭಾರ ತಡೆಯುತ್ತದೆಯೇ, ಅಥವಾ ಹೂ ನೆಲ ನೋಡುತ್ತದೆಯೇ? ಕಡ್ಡಿ ಸುಲಭವಾಗಿ ಬೇರು ಬಿಡುತ್ತದೆಯೇ? ಹಿಟ್ಟುತಿಗಣೆ ಎಷ್ಟು ಹತ್ತುತ್ತದೆ? ಮತ್ತು ನಮ್ಮ ಕಡೆಯ ಮುಖ್ಯ ಪ್ರಶ್ನೆ, ಜುಲೈ ತಿಂಗಳ ಜಡಿಮಳೆಯಲ್ಲಿ ಮೊಗ್ಗು ಕೊಳೆಯದೆ ಅರಳುತ್ತದೆಯೇ? ಎರಡು ಮಳೆಗಾಲ ನೋಡದೆ ಯಾವ ಗಿಡವನ್ನೂ ಒಳ್ಳೆಯದೆನ್ನಬಾರದು ಎಂಬುದು ನಮ್ಮ ಅಭಿಪ್ರಾಯ.

ಹಿಟ್ಟುತಿಗಣೆಯ ಮಾತು ಬಂದುದರಿಂದ ಒಂದು ಎಚ್ಚರಿಕೆ. ದಾಸವಾಳವೆಂದರೆ ಆ ಕೀಟಗಳಿಗೆ ಬಲು ಪ್ರೀತಿ, ಅವುಗಳಲ್ಲಿ ಒಂದು ಜಾತಿಗೆ ದಾಸವಾಳದ ಹೆಸರೇ ಇದೆ. ಪ್ರಯೋಗದ ಸಸಿಗಳನ್ನು ಅಂಗಳದಲ್ಲಿಡಿ, ಕಾಫಿ ಸಾಲುಗಳ ನಡುವೆ ತಂದು ನೆಡಬೇಡಿ.

ಮಳೆಯ ಪ್ರಶ್ನೆಯನ್ನು ಒತ್ತಿ ಹೇಳಲು ಕಾರಣವಿದೆ. ಹೂವಿನ ತಳಿಗಳನ್ನು ಎಲ್ಲಿ ಬೆಳೆಸಿ ಆರಿಸುತ್ತಾರೋ ಅಲ್ಲಿನ ಹವೆಗೆ ಅವು ಒಗ್ಗಿರುತ್ತವೆ. ಈ ಮಾತನ್ನು ಗುಲಾಬಿಯಲ್ಲಿ ಗಟ್ಟಿಯಾಗಿ ಹಿಡಿದವರು ಕೊಡೈಕನಾಲಿನ ಎಂ. ಎಸ್. ವೀರರಾಘವನ್ ದಂಪತಿಗಳು. ಐ.ಎ.ಎಸ್. ಹುದ್ದೆಯನ್ನು ಅವಧಿಗೆ ಮುಂಚೆಯೇ ಬಿಟ್ಟು ಗುಲಾಬಿಯ ಸಂಕರಣಕ್ಕೆ ಕೈಹಾಕಿದ ವೀರರಾಘವನ್ನರ ವಾದ ಸರಳ. ಪೇಟೆಯ ಗುಲಾಬಿಗಳೆಲ್ಲ ಚಳಿದೇಶಗಳಲ್ಲಿ ಆರಿಸಿದವು. ಸೆಕೆಯ ನಾಡಿಗೆ ಸೆಕೆಯ ನಾಡಿನ ಕಾಡುಗುಲಾಬಿಗಳ ರಕ್ತ ಬೇಕು. ಅದಕ್ಕಾಗಿ ಅವರು ಈಶಾನ್ಯ ಭಾರತದ ಬೆಟ್ಟಗಳ ದೈತ್ಯ ಗುಲಾಬಿ, ನೀರಿನ ದಡದಲ್ಲಿ ಬೆಳೆಯುವ ಇನ್ನೊಂದು ಕಾಡುಗುಲಾಬಿ, ಇವೆರಡನ್ನು ಹಿಡಿದು ದಶಕಗಳ ಕಾಲ ದುಡಿದರು. ಅವರ ಗುಲಾಬಿಗಳಲ್ಲೊಂದಕ್ಕೆ ಸಸ್ಯವಿಜ್ಞಾನಿ ಇ. ಕೆ. ಜಾನಕಿ ಅಮ್ಮಾಳ್ ಅವರ ಹೆಸರಿದೆ. ಮಲೆನಾಡಿನ ಮಳೆಗೆಂದೇ ಆರಿಸಿದ ದಾಸವಾಳವನ್ನು ಹುಡುಕಿದರೆ ನಮಗೆ ಒಂದೂ ಕಣ್ಣಿಗೆ ಬಿದ್ದಿಲ್ಲ. ಆ ಜಾಗ ಖಾಲಿಯಿದೆ.

ನಮ್ಮ ರಾಜ್ಯದಲ್ಲಿ ಈ ಕೆಲಸವನ್ನು ಕ್ರಮಬದ್ಧವಾಗಿ ನಡೆಸಿದ ಮುಖ್ಯ ಸ್ಥಳ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ. 1967ರಲ್ಲಿ ದೆಹಲಿಯಲ್ಲಿ ಹುಟ್ಟಿ ಮರುವರ್ಷವೇ ಬೆಂಗಳೂರಿಗೆ ಬಂದ ಸಂಸ್ಥೆ ಇದು. ಅಲ್ಲಿಂದ ಹೊರಬಂದ ದಾಸವಾಳಗಳಲ್ಲಿ ನರ್ತಕಿ, ಗೀತಾಂಜಲಿ, ಟ್ರೈಬಲ್ ಕ್ವೀನ್ ಮೊದಲಾದವು ಇವೆ. ಒಂದಕ್ಕೆ ಹೆಸರಘಟ್ಟದ ರಾಣಿ ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಊರಿನ ಹೆಸರು ಹೂವಿಗೆ ಹೋದದ್ದು ನಮಗೆ ಹಿಡಿಸಿತು. ಅಲ್ಲಿನ ಕೆಲಸದ ಗುರಿ ಎಷ್ಟು ಸ್ಪಷ್ಟವಾಗಿರುತ್ತದೆ ಎಂಬುದಕ್ಕೆ ಸುಗಂಧರಾಜ ಒಳ್ಳೆಯ ಉದಾಹರಣೆ. ಒಂದೆಸಳಿನ ಸುಗಂಧರಾಜವನ್ನು ಹಲವೆಸಳಿನದರೊಡನೆ ಕೂಡಿಸಿ ಶೃಂಗಾರ್ ತಳಿಯನ್ನು ಪಡೆದರು. ಅದು ಬೇರುಗಂಟು ಜಂತುಹುಳುವನ್ನು ಸಹಿಸುತ್ತದೆ. ಮೆಣಸಿನ ಬಳ್ಳಿಯಲ್ಲಿ ಆ ಹುಳುವಿನ ಹಾವಳಿ ಕಂಡವರಿಗೆ ಈ ಗುಣದ ಬೆಲೆ ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸದೆ ಶೃಂಗಾರ್‌ನ್ನು ಮೆಕ್ಸಿಕನ್ ಸಿಂಗಲ್ ಜೊತೆ ಕೂಡಿಸಿ ಪ್ರಜ್ವಲ್ ತಂದರು, ಮೊಗ್ಗು ನಸುಗೆಂಪು, ಅರಳಿದ ಹೂ ಬಿಳಿ. ಚೀನಾ ಆಸ್ಟರಿನಲ್ಲಿ ಕಾಮಿನಿ, ಪೂರ್ಣಿಮಾ, ಶಶಾಂಕ್‌ಗಳೂ ಅಲ್ಲಿನವೇ. ಗ್ಲಾಡಿಯೋಲಸ್‌ನ ಶೋಭಾ ತಳಿ ಬಂದ ದಾರಿ ಬೇರೆ. ವೈಲ್ಡ್ ರೋಸ್ ಎಂಬ ತಳಿಯ ಗಡ್ಡೆಗೆ ಗಾಮಾ ಕಿರಣ ಹಾಯಿಸಿ ಅದರ ಗುಣವನ್ನೇ ಬದಲಿಸಿದ ಫಲ ಅದು. ಇದು ಮಾತ್ರ ಅಂಗಳದಲ್ಲಿ ಮಾಡುವ ಕೆಲಸವಲ್ಲ.

ಖಾಸಗಿಯವರ ಪೈಕಿ ಹೇಳಲೇಬೇಕಾದ ಹೆಸರು ಕರಾವಳಿ ಮೂಲದ ಡಾ. ಮನಮೋಹನ ಅತ್ತಾವರ ಅವರದು. 1965ರಲ್ಲಿ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಪ್ರಾರಂಭಿಸಿ, ಪೆಟೂನಿಯಾ ಹೂವಿನ ಸಂಕರ ಬೀಜವನ್ನು ಇಲ್ಲಿ ಕೈಯಿಂದ ಪರಾಗ ಮುಟ್ಟಿಸಿ ತಯಾರಿಸಿ ಹೊರದೇಶಕ್ಕೆ ಕಳಿಸಿದರು. ಒಂದು ಗ್ರಾಂ ತೂಕಕ್ಕೆ ಸುಮಾರು ಹತ್ತು ಸಾವಿರ ಬೀಜ ತೂಗುವ ಪುಡಿ ಅದು. 1973ರಲ್ಲಿ ಕರ್ನಾಟಕ ಎಂಬ ಸಂಕರ ಟೊಮೆಟೊ, ಭಾರತ್ ಎಂಬ ದೊಣ್ಣೆಮೆಣಸು ಅದೇ ಕೈಚಳಕದಿಂದ ಬಂದವು. ಹೂವಿನ ಅಂದಕ್ಕಾಗಿ ಕಲಿತ ಕೆಲಸ ತರಕಾರಿಯ ಬೀಜಕ್ಕೆ ದಾರಿಯಾಯಿತು. ರಾಣೇಬೆನ್ನೂರಿನ ಸುತ್ತಿನ ಹಳ್ಳಿಗಳಲ್ಲಿ ಸಂಕರ ಬೀಜೋತ್ಪಾದನೆಯ ಹೊಲಗಳಲ್ಲಿ ಮೊಗ್ಗು ಬಿಡಿಸಿ ಕೇಸರ ಕೀಳುವ ಹೆಣ್ಣುಮಕ್ಕಳ ಬೆರಳುಗಳನ್ನು ನೋಡಿದವರು ಮೇಲೆ ನಾವು ಬರೆದ ಕ್ರಮವನ್ನು ಕಷ್ಟವೆನ್ನಲಾರರು.

ಪರಾಗ ಮುಟ್ಟಿಸದೆಯೂ ಹೊಸ ತಳಿ ಸಿಗುವುದುಂಟು. ಬೋಗನ್‌ವಿಲ್ಲಾದ ಒಂದು ಕೊಂಬೆ ಇದ್ದಕ್ಕಿದ್ದಂತೆ ಬೇರೆ ಬಣ್ಣದ ಹೂ ಬಿಡಬಹುದು, ಎಲೆಯಲ್ಲಿ ಹಳದಿ ಪಟ್ಟೆ ತೋರಬಹುದು. ಅದನ್ನು ಮಾತ್ರ ಕತ್ತರಿಸಿ ಬೇರು ಬರಿಸಿದರೆ ಹೊಸ ತಳಿಯೇ ಆಯಿತು. ಒಂದೇ ಗೊಂಚಲಿನಲ್ಲಿ ಬಿಳಿ ಮತ್ತು ನೇರಳೆ ಹೂ ತೋರುವ ಮೇರಿ ಪಾಮರ್ ಹೀಗೆ ಮಿಸೆಸ್ ಬಕ್ ಎಂಬ ತಳಿಯ ಕೊಂಬೆಯೊಂದರಲ್ಲಿ ಕಾಣಿಸಿಕೊಂಡದ್ದು. ಅದೇ ಎರಡು ಬಣ್ಣದ ಹೂವಿನೊಡನೆ ಎಲೆಗೂ ಬಣ್ಣ ಬಂದಿರುವ ತಳಿಯ ಹೆಸರು ತಿಮ್ಮ. ಲೇಡಿ, ಮಿಸೆಸ್‌ಗಳ ಸಾಲಿನಲ್ಲಿ ನಮ್ಮ ತಿಮ್ಮನೂ ನಿಂತಿದ್ದಾನೆ. ಗೇಟಿನ ಮೇಲೆ ಹಬ್ಬಿದ ಬಳ್ಳಿಯನ್ನು ಸವರಿಸುವಾಗ ಆಳಿಗೆ ಕತ್ತಿ ಕೊಟ್ಟು ಒಳಗೆ ಹೋಗುವ ಬದಲು ಒಮ್ಮೆ ಕೊಂಬೆ ಕೊಂಬೆ ನೋಡುವುದು ಲೇಸು.

ಇಷ್ಟು ಮಾಡಿದ ಮೇಲೆ ಗಿಡ ಯಾರದು? ನಮ್ಮ ದೇಶದಲ್ಲಿ ಇದಕ್ಕೆ ಕಾನೂನು ಇದೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮ, 2001. ಹೆಸರಿನಲ್ಲಿಯೇ ರೈತರ ಹಕ್ಕು ಎಂದಿರುವ ಈ ಕಾನೂನನ್ನು ರೈತರಾದ ನಾವು ಓದಿರುವುದು ಕಡಿಮೆ. ಅದರ ಸಾರ ಹೀಗೆ. ತಳಿ ಬೇರೆ ತಳಿಗಳಿಂದ ಸ್ಪಷ್ಟವಾಗಿ ಬೇರೆಯಾಗಿರಬೇಕು, ಗಿಡಗಳು ಒಂದೇ ತೆರನಾಗಿರಬೇಕು, ಪೀಳಿಗೆಯಿಂದ ಪೀಳಿಗೆಗೆ ಗುಣ ಬದಲಾಗಬಾರದು. ಕಡ್ಡಿಯಿಂದ ಬೆಳೆಯುವ ಗಿಡಕ್ಕೆ ಕೊನೆಯ ಎರಡು ಷರತ್ತುಗಳು ದೊಡ್ಡ ತೊಡಕಲ್ಲ. ನೋಂದಣಿಯಾದರೆ ಮರ ಮತ್ತು ಬಳ್ಳಿಗಳಿಗೆ 18 ವರ್ಷ, ಉಳಿದ ಬೆಳೆಗಳಿಗೆ 15 ವರ್ಷ ರಕ್ಷಣೆ. ಸರ್ಕಾರ ಅಧಿಸೂಚಿಸಿದ ಗಿಡಗಳಿಗೆ ಮಾತ್ರ ಇದು ಅನ್ವಯ. ಗುಲಾಬಿ, ಸೇವಂತಿಗೆ, ಬೋಗನ್‌ವಿಲ್ಲಾ, ಕೆಲವು ಆರ್ಕಿಡ್‌ಗಳು ಪಟ್ಟಿಯಲ್ಲಿವೆ; ಪಟ್ಟಿ ಆಗಾಗ ಬೆಳೆಯುವುದರಿಂದ ಅರ್ಜಿಗೆ ಮೊದಲು ನಿಮ್ಮ ಗಿಡ ಅದರಲ್ಲಿದೆಯೇ ಎಂದು ವಿಚಾರಿಸಲೇಬೇಕು. ಪ್ರಾಧಿಕಾರದ ಕೇಂದ್ರ ಕಛೇರಿ ದೆಹಲಿಯಲ್ಲಿದ್ದರೂ ಶಿವಮೊಗ್ಗದಲ್ಲಿ ಶಾಖೆಯಿದೆ, ನಮಗೆ ದೂರವಲ್ಲ.

ನಮ್ಮವರು ಎಡವುವುದು ಒಂದು ಕಡೆ. ಹೊಸ ತಳಿಯೆಂದು ಅರ್ಜಿ ಹಾಕುವವರು, ಅರ್ಜಿಯ ದಿನಕ್ಕೆ ಒಂದು ವರ್ಷಕ್ಕಿಂತ ಹಿಂದೆ ದೇಶದೊಳಗೆ ಆ ಗಿಡವನ್ನು ಮಾರಾಟಕ್ಕಾಗಿ ಬಿಟ್ಟುಕೊಟ್ಟಿರಬಾರದು. ಕೇಳಿದವರಿಗೆಲ್ಲ ಕಡ್ಡಿ ಮುರಿದು ಕೊಡುವ ನಮ್ಮ ಔದಾರ್ಯ ಇಲ್ಲಿ ಮುಳ್ಳಾಗುತ್ತದೆ. ಆದರೆ ಪರೀಕ್ಷೆಗೆಂದು ಬೇರೆಯವರ ತೋಟದಲ್ಲಿ ಬೆಳೆಸಿ ನೋಡುವುದಕ್ಕೆ ಅಡ್ಡಿಯಿಲ್ಲ. ಅದಕ್ಕೆ ಒಂದು ಪತ್ರ ಮಾಡಿಸಿ ಸಹಿ ಪಡೆಯಬೇಕು, ಅಷ್ಟೆ. ರೈತರ ತಳಿ ಎಂಬ ಇನ್ನೊಂದು ವರ್ಗವಿದೆ. ಅದಕ್ಕೆ ಹೊಸತನದ ಷರತ್ತಿಲ್ಲ, ನೋಂದಣಿ ಶುಲ್ಕವೂ ಇಲ್ಲ. ಮೇಲೆ ಹೇಳಿದ ಸದಸ್ಯರ ಮನೆಯವರಿಗೆ ಈ ಬಾಗಿಲು ಇನ್ನೂ ಮುಚ್ಚಿಲ್ಲವೆಂದು ನಾವು ಹೇಳಿದ್ದೇವೆ. ತೊಡಕಿರುವುದು ಸಾಕ್ಷ್ಯದಲ್ಲಿ. ತಾಯಿಗಿಡ ಅಂಗಳದಲ್ಲಿದೆ, ಅದರ ಅಣ್ಣತಮ್ಮ ಸಸಿಗಳೂ ಇವೆ. ಯಾವ ದಿನ ಯಾವುದನ್ನು ಯಾವುದಕ್ಕೆ ಮುಟ್ಟಿಸಿದ್ದೆಂಬುದಕ್ಕೆ ಒಂದು ಗೆರೆ ಬರಹ ಇಲ್ಲ.

ಇನ್ನೊಬ್ಬರ ನೋಂದಾಯಿತ ತಳಿಯನ್ನು ಸಂಕರಣಕ್ಕೆ ಬಳಸಬಹುದೇ ಎಂದು ಕೆಲವರು ಕೇಳಿದ್ದಾರೆ. ಬಳಸಬಹುದು, ಹೊಸ ತಳಿ ಹುಟ್ಟಿಸಲು ಅದನ್ನು ತಂದೆಯಾಗಿಯೋ ತಾಯಿಯಾಗಿಯೋ ಇಟ್ಟುಕೊಳ್ಳಲು ಕಾನೂನು ಅನುಮತಿ ಕೊಡುತ್ತದೆ. ಅದೇ ಗಿಡವನ್ನು ಕಡ್ಡಿಯಿಂದ ಹೆಚ್ಚಿಸಿ ಅದೇ ಹೆಸರಿನಲ್ಲಿ ಮಾರುವಂತಿಲ್ಲ.

ಇದೆಲ್ಲ ಕಾಗದದ ಮಾತು, ರೈತನಿಗೆ ಪಾಲು ಸಿಕ್ಕಿದ್ದುಂಟೇ ಎಂಬ ಸಂಶಯ ಸಹಜ. ಹೂವಿನದಲ್ಲ, ಹಣ್ಣಿನದೊಂದು ನಿದರ್ಶನ ಕೊಡುತ್ತೇವೆ. ತುಮಕೂರು ಜಿಲ್ಲೆಯ ಚೇಳೂರಿನ ರೈತರೊಬ್ಬರ ಜಮೀನಿನಲ್ಲಿ ಕೆಂಪು ತೊಳೆಯ ಹಲಸಿನ ಮರವೊಂದಿತ್ತು. ಹೆಸರಘಟ್ಟದ ಸಂಸ್ಥೆಯ ಹಿರೇಹಳ್ಳಿ ಕೇಂದ್ರದವರು ಅದನ್ನು ಪರೀಕ್ಷಿಸಿ, ಸಿದ್ದು ಎಂಬ ಹೆಸರಿನಲ್ಲಿ ಕಸಿ ಗಿಡ ಹೆಚ್ಚಿಸಲು 2017ರಲ್ಲಿ ರೈತರೊಡನೆ ಒಪ್ಪಂದ ಮಾಡಿಕೊಂಡರು. ಬಂದ ಹಣದಲ್ಲಿ ನೂರಕ್ಕೆ 75 ಪಾಲು ರೈತರಿಗೆ. ಹೆಸರು ಬಂದದ್ದು ಆ ರೈತರ ತಂದೆಯವರಿಂದ. ಕುಳ್ಳು ಅಡಕೆ ಕಾಣಿಸಿಕೊಂಡ ಅದೇ ಹಿರೇಹಳ್ಳಿ ಇದು.

ಆದರೂ ಅಡಕೆ ಕಡಿದು ದಾಸವಾಳ ನೆಡಿ ಎಂದು ನಾವು ಹೇಳುತ್ತಿಲ್ಲ. ದಾಸವಾಳ ಕಿತ್ತ ಮೇಲೆ ಪೇಟೆ ಮುಟ್ಟುವ ಹೂವಲ್ಲ. ಅದರ ವ್ಯಾಪಾರವೆಲ್ಲ ಕುಂಡದ ಗಿಡದ್ದು, ಅದಕ್ಕೆ ನರ್ಸರಿ, ಸಾಗಾಣಿಕೆ, ಗಿರಾಕಿ ಎಲ್ಲ ಬೇಕು. ಒಂದು ತಳಿಯಿಂದ ಮನೆ ನಡೆಯದು. ಕಾಫಿ, ಮೆಣಸಿನ ನಡುವೆ ಒಂದು ಬದಿಯ ಆದಾಯವಾದರೆ ಅದೇ ದೊಡ್ಡದು. ಪ್ರತಿ ವಾರಾಂತ್ಯ ನಮ್ಮ ಊರಿನ ಮೇಲೆಯೇ ಕಲ್ಲತ್ತಿಗಿರಿಗೆ, ಕೆಮ್ಮಣ್ಣುಗುಂಡಿಯ ಗುಲಾಬಿ ತೋಟಕ್ಕೆ ಹೋಗುವ ಜನ ಗಿಡ ಕೊಳ್ಳುವ ಜನವೇ. ಅವರಿಗೆ ಮಾರುವುದು ಹೊರಗಿನಿಂದ ತಂದ ಗಿಡವೋ ಇಲ್ಲಿಯೇ ಹುಟ್ಟಿದ್ದೋ ಎಂಬುದನ್ನು ಸದಸ್ಯರು ಯೋಚಿಸಬೇಕು.

ಸಂಘದ ಕಛೇರಿಯಲ್ಲಿ ಒಂದು ತಳಿ ಪುಸ್ತಕ ತೆರೆದಿದ್ದೇವೆ. ಯಾವುದೇ ಸದಸ್ಯರ ಮನೆಯಲ್ಲಿ ಕೂಡಿಕೆ ಮಾಡಿದರೆ ತಾಯಿ, ತಂದೆ, ದಿನಾಂಕ, ಕಾಯಿ ಬಲಿತ ದಿನ, ಬೀಜಗಳ ಸಂಖ್ಯೆ, ಮೊದಲ ಹೂವಿನ ದಿನ ಮತ್ತು ವಿವರ, ಇವನ್ನು ಅದರಲ್ಲಿ ಬರೆಸಿ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಬಹುದು. ಕೂಡಿಕೆ ಮಾಡಿದವರು ಗೃಹಿಣಿಯಾಗಿದ್ದರೆ ಅವರ ಹೆಸರನ್ನೇ ಬರೆಯಲಾಗುವುದು, ಖಾತೆದಾರರ ಹೆಸರನ್ನಲ್ಲ. ಹೂವಿನ ಛಾಯಾಚಿತ್ರವನ್ನು ಕಛೇರಿಯಲ್ಲಿಯೇ ತೆಗೆದು ಪುಟಕ್ಕೆ ಅಂಟಿಸುತ್ತೇವೆ. ಹೂ ತರುವವರು ಬೆಳಿಗ್ಗೆ ಹನ್ನೊಂದರೊಳಗೆ ತರಬೇಕು; ಸಂಜೆ ಮುದುಡಿದ ದಾಸವಾಳ ತಂದು ಬಣ್ಣ ಬರೆದುಕೊಳ್ಳಿ ಎಂದರೆ ನಮ್ಮಿಂದಾಗದು.